ಸೈಕಲ್ ಪ್ರವಾಸ: ಊಟದ ವಿಚಾರ ಮೊದಲೇ ಕೇಳಲಿ

ಮಾನ್ಯರೇ,

ಹುಬ್ಬಳ್ಳಿ-ಧಾರವಾಡದಿಂದ ಲಕ್ಕುಂಡಿ, ದಾಂಡೇಲಿಯಂಥ ಕಡೆಗೆ ಗುಂಪಾಗಿ ಸೈಕಲ್ ಪ್ರವಾಸ ಏರ್ಪಡಿಸುವ ಸಂಘಟಕರು ಅರ್ಜಿಯಲ್ಲಿ ಟೀಶರ್ಟ್ ಅಳತೆಯನ್ನೂ ಬಿಡದೆ ಕೇಳುತ್ತಾರೆ. ಊಟದ ಮಾತು ಬಂದಾಗ ಮಾತ್ರ ಸಸ್ಯಾಹಾರವೋ ಮಾಂಸಾಹಾರವೋ ಎಂಬಲ್ಲಿಗೆ ಮುಗಿಸುತ್ತಾರೆ. ಶೇಂಗಾ ಅಲರ್ಜಿ ಇದ್ದವರ ಪಾಡು ನಮ್ಮ ಭಾಗದಲ್ಲಿ ಬಲು ಕಷ್ಟ: ಚಟ್ನಿಪುಡಿಯನ್ನು ಬದಿಗೆ ಸರಿಸಬಹುದು, ಆದರೆ ಎಣ್ಣೆಗಾಯಿಯ ಮಸಾಲೆಯಲ್ಲಿ ಬೆರೆತ ಶೇಂಗಾಪುಡಿ ಕಣ್ಣಿಗೆ ಬೀಳುವುದಿಲ್ಲ. ಗೋಧಿ ಒಗ್ಗದವರಿಗೆ ಜೋಳದ ರೊಟ್ಟಿ ಇದೆ ಎಂಬುದೇ ಸಮಾಧಾನ.

ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಊಟದ ಹೊತ್ತೇ ಮುಖ್ಯ. ತಾಸುಗಟ್ಟಲೆ ಪೆಡಲ್ ತುಳಿದಾಗ ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಈಚೆಗೆ ಅಣ್ಣಿಗೇರಿಯ ಬಳಿ ಊಟದ ವಾಹನ ತಡವಾಗಿ, ಸಹಸವಾರರೊಬ್ಬರು ಕೈ ನಡುಗಿ ಬ್ರೇಕ್ ಹಿಡಿಯಲಾಗದೆ ರಸ್ತೆಬದಿ ಕುಳಿತುಬಿಟ್ಟರು. ಯಾರದೋ ಚೀಲದಲ್ಲಿದ್ದ ಗ್ಲೂಕೋಸ್ ಪುಡಿ ಆಗ ನೆರವಿಗೆ ಬಂತು. ಮೂರೂವರೆ ಸಾವಿರ ರೂಪಾಯಿ ಶುಲ್ಕ ಪಡೆದವರ ವಾಹನದಲ್ಲಿ ಅದು ಇರಲಿಲ್ಲ!

ಸಂಘಟಕರು ಅರ್ಜಿಯಲ್ಲೇ ಅಲರ್ಜಿ, ಮಧುಮೇಹ, ಪಥ್ಯ, ಸೂರ್ಯಾಸ್ತದ ನಂತರ ಉಣ್ಣದ ಜೈನರ ನಿಯಮ ಇವೆಲ್ಲವನ್ನೂ ಕೇಳಿ, ದಾರಿಯ ಖಾನಾವಳಿಗೆ ಹಿಂದಿನ ದಿನವೇ ತಿಳಿಸಬೇಕು. ಸವಾರರೂ ಸಂಕೋಚಪಡದೆ ತಮ್ಮ ಅಗತ್ಯವನ್ನು ಬರೆದುಕೊಡಬೇಕು.

– ಒಬ್ಬ ಸೈಕಲ್ ಸವಾರ, ಧಾರವಾಡ