ಬೆಕ್ಕಿನ ನೀರಿನ ಲೆಕ್ಕವನ್ನೂ ಇಡೋಣ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಹಕ್ಕಿಗಳಿಗೆ ನೀರಿಡಿ ಎಂದು ಪತ್ರಿಕೆಗಳಲ್ಲಿ ಫೋಟೊ ಸಮೇತ ಬರುತ್ತದೆ. ಒಳ್ಳೆಯದೇ. ಆದರೆ ಅದೇ ಮನೆಯಲ್ಲಿ ಬೆಕ್ಕು ಎಷ್ಟು ನೀರು ಕುಡಿಯುತ್ತೆ ಅಂತ ಕೇಳಿ. 'ಅದಕ್ಕೆ ಹಾಲು ಹಾಕ್ತೀವಲ್ಲ' ಅನ್ನುತ್ತಾರೆ.

ಹಿಂದೆ ತೋಟದ ಮನೆ ಬೆಕ್ಕಿಗೆ ಇದು ನಡೆಯುತ್ತಿತ್ತು. ಇಲಿ ಹಿಡಿದು ತಿನ್ನುತ್ತಿತ್ತು, ಇಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಈಗ ನಮ್ಮ ತೀರ್ಥಹಳ್ಳಿ ಕಡೆಯ ಹಳ್ಳಿ ಮನೆಗಳಿಗೂ ಒಣ ಆಹಾರದ ಪ್ಯಾಕೆಟ್ ಬಂದಿದೆ. ಅದರಲ್ಲಿ ನೀರಿನಂಶ ಶೇ 10ರ ಆಸುಪಾಸು. ಬೆಕ್ಕಿನ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 50 ಮಿ.ಲೀ. ನೀರು ಬೇಕು, ಊಟದಲ್ಲಿರುವುದೂ ಸೇರಿ. 4 ಕೆ.ಜಿ. ಬೆಕ್ಕಿಗೆ 200 ಮಿ.ಲೀ. ಆಯಿತು. 60 ಗ್ರಾಂ ಒಣ ಆಹಾರದಿಂದ ಬರುವುದು ಬರೀ 6! ಉಳಿದದ್ದನ್ನು ಅದು ಕುಡಿಯಬೇಕು. ಬೆಕ್ಕಿನ ಮೂಲ ಒಣ ನಾಡಿನ ಕಾಡುಬೆಕ್ಕು, ಹಾಗಾಗಿ ಬಾಯಾರಿಕೆಯೇ ಕಡಿಮೆ. ಹಾಲು ನಂಬುವಂತಿಲ್ಲ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಅದು ಅರಗದೆ ಭೇದಿಯಾಗುತ್ತದೆ, ಮೈಯಲ್ಲಿದ್ದ ನೀರೂ ಹೋಗುತ್ತದೆ.

ನಾವು ನೀರನ್ನು ಮನೆಕೆಲಸಕ್ಕೆ ಗಂಟು ಹಾಕಿದ್ದೇವೆ. ಬೆಳಿಗ್ಗೆ ಹಾಲು ಕರೆದ ಮೇಲೆ, ಮಧ್ಯಾಹ್ನ ಊಟದ ಪಾತ್ರೆ ತೊಳೆಯುವಾಗ, ರಾತ್ರಿ ಬಾಗಿಲು ಹಾಕುವ ಮುಂಚೆ ಬಟ್ಟಲು ತೊಳೆದು ಹೊಸ ನೀರು. ಅಗಲದ ಬಟ್ಟಲು ಒಂದು ಜಗಲಿಯಲ್ಲಿ, ಇನ್ನೊಂದು ಒಳಗೆ, ಎರಡೂ ಊಟದ ತಟ್ಟೆಯಿಂದ ದೂರ. ರಾತ್ರಿ ಊಟಕ್ಕೆ ಬೆಚ್ಚಗಿನ ನೀರು ಬೆರೆಸುತ್ತೇವೆ, ಉಳಿದರೆ ಇಟ್ಟುಕೊಳ್ಳುವುದಿಲ್ಲ. ಮೀನು ಬೇಯಿಸಿದ ನೀರೂ ಆದೀತು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೀಳುವ ಮುಂಚೆ ತೆಗೆದಿಟ್ಟರೆ. ನಮ್ಮ ಗಂಡು ಬೆಕ್ಕಿಗೆ ಮಾತ್ರ ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿ ನೀರಿನ ಪೈಪೇ ಆಗಬೇಕು. ಹರಿಯುವ ನೀರು ಕಂಡರೆ ಕೆಲವು ಬೆಕ್ಕುಗಳಿಗೆ ಆಸೆ ಜಾಸ್ತಿ. ಇದಕ್ಕೆಂದೇ ಪೇಟೆಯಲ್ಲಿ ಕರೆಂಟಿನ ಕಾರಂಜಿ ಮಾರುತ್ತಾರಂತೆ. ಅಬ್ಬಿ ಇದ್ದವರಿಗೆ ಅದ್ಯಾಕೆ, ಅಲ್ವಾ?

ಮಳೆಗಾಲದಲ್ಲೂ ಈ ಕ್ರಮ ಬಿಡಬೇಡಿ. ಬೆಕ್ಕು ಬಚ್ಚಲ ಒಲೆ ಬಿಟ್ಟು ಏಳುವುದೇ ಕಷ್ಟ. ಎದ್ದರೂ ಅಂಗಳದಲ್ಲಿ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ವಿಷದ ಮೈಲುತುತ್ತ ಕಲಸಿದ ಡ್ರಮ್ಮು ಇರುವುದೂ ಅಲ್ಲೇ. ಮುಚ್ಚಿಡಿ.

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿ, ಉಚ್ಚೆ ಬಾರದೆ ನರಳಿದರೆ ಹೊಟ್ಟೆ ಕಟ್ಟಿದೆ ಎಂದು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಪಶುಪಾಲನಾ ಇಲಾಖೆಯವರಲ್ಲಿ ಒಂದು ಕೋರಿಕೆ. ಕಾಲುಬಾಯಿ ಜ್ವರದ ಲಸಿಕೆಗೆ ಮನೆಮನೆಯ ಕೊಟ್ಟಿಗೆಗೆ ಬರುತ್ತೀರಿ. ಬಂದಾಗ ಬೆಕ್ಕಿನ ಬಟ್ಟಲನ್ನೂ ನೋಡಿ ಎರಡು ಮಾತು ಹೇಳಿ ಹೋಗಿ. ನಿಮ್ಮ ಮಾತಾದರೆ ನಮ್ಮ ಅತ್ತೆಯಂಥವರೂ ಕೇಳುತ್ತಾರೆ.

– ಓದುಗರು, ತೀರ್ಥಹಳ್ಳಿ ತಾಲ್ಲೂಕು