ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಒಗ್ಗುತ್ತದೆ, ಹಾಕಿಕೊಡುವವರು ಬೇಕು

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಭದ್ರತಾ ಪರಿಷ್ಕರಣೆಗಳನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಮನೆಬಳಕೆಯವರಿಗೆಂದು 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆಯನ್ನು ಅದು ಪ್ರಕಟಿಸಿತಾದರೂ, ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೆಂಬ ಸಂಗತಿ ಕಲಬುರಗಿಯ ನನ್ನ ಪರಿಚಯದ ಮನೆಗಳಲ್ಲಿ ಹೆಚ್ಚಿನವರ ಗಮನಕ್ಕೇ ಬಂದಿರಲಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಹೀಗಾಗಿ ಮಕ್ಕಳ ಓದಿಗೆಂದು ಸಾಲ ಮಾಡಿ ಅದಕ್ಕೂ ಮುಂಚೆ ಕೊಂಡ, ಇಂದಿಗೂ ಕೆಟ್ಟಿಲ್ಲದ ಎಷ್ಟೋ ಕಂಪ್ಯೂಟರುಗಳು ಕಾಗದದ ಮೇಲೆ ಮುದಿಯಾಗಿಬಿಟ್ಟಿವೆ.

ಇಂಥ ಯಂತ್ರಗಳಿಗೆ ಇರುವ ದಾರಿಗಳಲ್ಲಿ ಒಂದು, ಲಿನಕ್ಸ್ ಎಂಬ ತಿರುಳಿನ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದ) ಮೇಲೆ ಕಟ್ಟಿದ, ವಿಂಡೋಸ್ ಬದಲಿಗೆ ಉಚಿತವಾಗಿ ಬಳಸಬಹುದಾದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಮುಕ್ತ ಆಪರೇಟಿಂಗ್ ಸಿಸ್ಟಂಗಳು. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಆ ತಿರುಳು ಇಂದು ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಫೋನಿನಲ್ಲಿ ನಡೆಯುತ್ತದೆ, ಆದ್ದರಿಂದ ಮನೆಯ ಕಂಪ್ಯೂಟರಿನಲ್ಲೂ ಸರಾಗವಾಗಿ ನಡೆಯುತ್ತದೆ ಎಂದು ಇದರ ಅಭಿಮಾನಿಗಳು ವಾದಿಸುವುದನ್ನು ನಾನು ಒಪ್ಪುವುದಿಲ್ಲ. ಫೋನನ್ನು ತಯಾರಿಸಿದವರೇ ಎಲ್ಲವನ್ನೂ ಹೊಂದಿಸಿ ಕೊಟ್ಟಿರುತ್ತಾರೆ. ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ವೈಫೈ ಹಿಡಿಸಿ, ಪ್ರಿಂಟರ್ ಜೋಡಿಸಿ ಕೊಡುವವರು ಯಾರು? ಈ ಪತ್ರ ಬರೆಯಲು ಕಾರಣವೇ ಆ ಪ್ರಶ್ನೆ. ಸಾಮಾನ್ಯ ಮನೆಯವರಿಗೆ ಈ ವ್ಯವಸ್ಥೆಗಳು ತಂತ್ರಾಂಶದ ಮಟ್ಟಿಗೆ ಬಹುಪಾಲು ಒಗ್ಗುತ್ತವೆ, ಆದರೆ ನಮ್ಮ ಊರಿನ ಮಟ್ಟಿಗೆ ಇನ್ನೂ ಒಗ್ಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಮನೆಗಳಲ್ಲಿ ಕಂಪ್ಯೂಟರಿನಿಂದ ಆಗುವ ಕೆಲಸವನ್ನು ಮೊದಲು ನೋಡಬೇಕು. ರಾಜ್ಯ ವಿದ್ಯಾರ್ಥಿವೇತನದ ಅರ್ಜಿ, ಸೇವಾ ಸಿಂಧುವಿನ ಸೇವೆಗಳು, ಭೂಮಿ ಜಾಲತಾಣದಲ್ಲಿ ಹೊಲದ ಪಹಣಿ, ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಕಾಲೇಜಿನ ಆಯ್ಕೆ ದಾಖಲಿಸುವುದು, ಯೂಟ್ಯೂಬ್ ಪಾಠ, ವಾಟ್ಸ್ಆ್ಯಪ್ ವೆಬ್, ಬ್ಯಾಂಕಿನ ಖಾತೆ: ಇವೆಲ್ಲ ಬ್ರೌಸರಿನೊಳಗೇ ಮುಗಿಯುವಂಥವು. ಆದಾಯ ತೆರಿಗೆಯ ವಿವರವನ್ನೂ ಸಂಬಳದಾರರು ಜಾಲತಾಣದಲ್ಲೇ ತುಂಬಿ ಆಧಾರ್ ಒಟಿಪಿಯಿಂದ ದೃಢೀಕರಿಸಬಹುದು. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಲಿನಕ್ಸ್‌ಗೆ ದೊರೆಯುತ್ತವೆ, ಹಾಗಾಗಿ ಕೆಳಗೆ ಯಾವ ವ್ಯವಸ್ಥೆ ಇದೆ ಎಂಬುದು ಈ ಕೆಲಸಗಳಿಗೆ ಮುಖ್ಯವಾಗುವುದಿಲ್ಲ. ಲಿನಕ್ಸ್ ಮಿಂಟ್ 22 ಕನಿಷ್ಠ 2 ಜಿಬಿ ರ್‍ಯಾಮ್ ಇದ್ದರೂ ಏಳುತ್ತದೆ, ನೆಮ್ಮದಿಯಿಂದ ಬಳಸಲು 4 ಜಿಬಿ ಇರಲಿ ಎಂದು ಅದನ್ನು ಸಿದ್ಧಪಡಿಸುವವರೇ ಹೇಳುತ್ತಾರೆ. 2029ರವರೆಗೆ ಅದಕ್ಕೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗವಾದ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿದರಂತೂ ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪ್ ಕೂಡ ಮನೆಗೆಲಸಕ್ಕೆ ಸಾಲುತ್ತದೆ.

ಕನ್ನಡದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲವೆಂಬ ಮಾತನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಒಂದು ಕಾಲದಲ್ಲಿ ಒತ್ತಕ್ಷರಗಳು ಚೆದುರಿ, ಕೊಂಬು ಒಂದು ಕಡೆ ದೀರ್ಘ ಇನ್ನೊಂದು ಕಡೆ ಕಾಣುತ್ತಿದ್ದುದು ನಿಜ. ಇಂದು ಲೋಹಿತ್ ಕನ್ನಡ, ನೋಟೋ, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ಪದ್ಧತಿ) ಫಾಂಟುಗಳು ಲಿನಕ್ಸ್ ವ್ಯವಸ್ಥೆಗಳಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದ ಕಗಪ ಕೀಲಿಮಣೆ ವಿನ್ಯಾಸವೂ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ಪಟ್ಟಿಗೆ ಹೋಗಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ಬೀದರ್, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಒಬ್ಬರು ಕನ್ನಡದಲ್ಲಿ, ಮತ್ತೊಬ್ಬರು ಉರ್ದುವಿನಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ಬರೆಯುತ್ತಾರೆ. ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನು ನಸ್ತಾಲೀಕ್ ಫಾಂಟಿನಲ್ಲಿ ಬರೆಯುತ್ತಲೇ ಒಂದು ಕೀಲಿ ಒತ್ತಿ ಕನ್ನಡಕ್ಕೆ ಹೊರಳುವ ಅನುಕೂಲವನ್ನು ಈ ಮುಕ್ತ ವ್ಯವಸ್ಥೆಗಳು ಬಿಡಿಕಾಸಿನ ಖರ್ಚಿಲ್ಲದೆ ಕೊಡುತ್ತವೆ. ವಿಂಡೋಸ್‌ನಲ್ಲಿಯೂ ಇದು ಸಾಧ್ಯ, ಅದನ್ನು ಮರೆಮಾಚುವುದಿಲ್ಲ.

ನಿಜವಾದ ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸುವ ಆಸ್ಕಿ ಪದ್ಧತಿಯಲ್ಲಿ, ನುಡಿ 01 ಇ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟ ಅರ್ಜಿ, ಪ್ರಶ್ನೆಪತ್ರಿಕೆ, ನಡಾವಳಿಗಳು ಶಿಕ್ಷಕರ ಮತ್ತು ನೌಕರರ ಮನೆಗಳಲ್ಲಿ ರಾಶಿ ಬಿದ್ದಿವೆ. ಆ ಫಾಂಟಿನ ಕಡತವನ್ನು ಲಿನಕ್ಸ್‌ಗೆ ಸೇರಿಸಿಕೊಂಡರೆ, ವರ್ಡ್ ಬದಲಿಗೆ ಬಳಸುವ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಅವುಗಳನ್ನು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಬೇಕಾದರೆ ಮಾತ್ರ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಉಚಿತ ಪರಿವರ್ತಕಗಳಿವೆ, ಆದರೆ ಅಂಕಿಗಳನ್ನೂ ಅರ್ಕಾವತ್ತನ್ನೂ ಪರಿವರ್ತನೆಯ ನಂತರ ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಬೇಕು. ಯೂನಿಕೋಡ್ ಕಡ್ಡಾಯವೆಂದು ಎಷ್ಟು ಹೇಳಿದರೂ ಆಸ್ಕಿಯಲ್ಲೇ ಸಿದ್ಧವಾದ ನಮೂನೆಗಳು ಈಗಲೂ ಕೈಗೆ ಬರುತ್ತಿರುವುದು ನಿಂತರೆ ಈ ತೊಡಕಿನ ಅರ್ಧ ಭಾಗ ತಾನಾಗಿಯೇ ಕರಗುತ್ತದೆ.

ಒಗ್ಗದಿರುವ ಮನೆಗಳೂ ಇವೆ. ಮನೆಯಲ್ಲೇ ಕುಳಿತು ಅಡತಿ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುವವರು, ಮದುವೆಯ ಲಗ್ನಪತ್ರಿಕೆಗಳನ್ನು ಕೋರೆಲ್‌ಡ್ರಾದಲ್ಲಿ ವಿನ್ಯಾಸ ಮಾಡಿ ಪ್ರೆಸ್ಸಿಗೆ ಕೊಡುವವರು ವಿಂಡೋಸ್ ಬಿಡಬಾರದು. ಆ ತಂತ್ರಾಂಶಗಳು ಲಿನಕ್ಸ್‌ಗೆಂದು ಸಿದ್ಧವಾದವಲ್ಲ, ಅಡ್ಡದಾರಿಯಲ್ಲಿ ನಡೆಸಲು ಹೋಗಿ ಗಿರಾಕಿಯ ಮುಂದೆ ತಡಬಡಾಯಿಸುವುದರಲ್ಲಿ ಅರ್ಥವಿಲ್ಲ. ಮನೆಯಿಂದಲೇ ಆನ್‌ಲೈನ್ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಮೊದಲೇ ವಿಚಾರಿಸಬೇಕು. ಉದಾಹರಣೆಗೆ ಸೇಫ್ ಎಕ್ಸಾಂ ಬ್ರೌಸರ್ ಎಂಬುದು ಸ್ವತಃ ಮುಕ್ತ ತಂತ್ರಾಂಶವಾಗಿದ್ದರೂ ವಿಂಡೋಸ್ ಮತ್ತು ಆ್ಯಪಲ್ ಸಾಧನಗಳಿಗೆ ಮಾತ್ರ ದೊರೆಯುತ್ತದೆ. ಪ್ರಿಂಟರಿನ ವಿಷಯದಲ್ಲಿ ಅದೃಷ್ಟ ನೋಡಬೇಕು. ಎಚ್‌ಪಿ ಕಂಪನಿಯು ಲಿನಕ್ಸ್‌ಗೆಂದು ತಾನೇ ಚಾಲಕ ತಂತ್ರಾಂಶ ಒದಗಿಸುತ್ತದೆ, ಆದರೆ ನಮ್ಮ ಕಡೆ ಮನೆಗಳಲ್ಲೂ ಝೆರಾಕ್ಸ್ ಅಂಗಡಿಗಳಲ್ಲೂ ಹೆಚ್ಚಾಗಿ ಕಾಣುವ ಕೆನಾನ್ ಎಲ್‌ಬಿಪಿ 2900 ತನ್ನದೇ ರೀತಿಯ ಆದೇಶಗಳನ್ನಷ್ಟೇ ಒಪ್ಪುವುದರಿಂದ ಲಿನಕ್ಸ್‌ನಲ್ಲಿ ಅದನ್ನು ನಡೆಸಲು ತಿಳಿದವರ ಕೈ ಬೇಕು. ವರ್ಡ್‌ನಲ್ಲಿ ಮಾಡಿದ ಕೋಷ್ಟಕಗಳು ಲಿಬ್ರೆಆಫೀಸ್‌ನಲ್ಲಿ ಅಲ್ಲಲ್ಲಿ ಜರುಗುವುದೂ ಉಂಟು, ಆದ್ದರಿಂದ ಬಯೋಡೇಟಾದಂಥವನ್ನು ಪಿಡಿಎಫ್ ಮಾಡಿಯೇ ಕಳಿಸಬೇಕು. ಆಟಗಳ ಮಾತು ಮಕ್ಕಳಿಗೆ ಬಿಟ್ಟದ್ದು.

ಇಷ್ಟೆಲ್ಲ ಲೆಕ್ಕ ಹಾಕಿದರೂ ಕಲಬುರಗಿಯ ಒಬ್ಬ ಗೃಹಿಣಿ ಅಥವಾ ನಿವೃತ್ತ ನೌಕರ ಲಿನಕ್ಸ್‌ಗೆ ಬರದಿರಲು ಕಾರಣ ಇವು ಯಾವುವೂ ಅಲ್ಲ. ಕಾರಣ ಇರುವುದು ರಿಪೇರಿ ಅಂಗಡಿಯಲ್ಲಿ. ಕಂಪ್ಯೂಟರ್ ನಿಧಾನವಾಯಿತೆಂದು ಒಯ್ದರೆ ಅಂಗಡಿಯ ಹುಡುಗ ಕೇಳುವುದಕ್ಕೂ ಮುಂಚೆಯೇ ಫಾರ್ಮ್ಯಾಟ್ ಹೊಡೆದು, ‘ವಿಂಡೋಸ್ ಹಾಕಿ ಕೊಡ್ತೀನ್ರೀ, ಎಲ್ಲಾ ಆರಾಮ ನಡೀತದ’ ಎನ್ನುತ್ತಾನೆ. ಹಾಗೆ ಹಾಕುವುದು ಬಹುತೇಕ ಪರವಾನಗಿಯಿಲ್ಲದ ಪ್ರತಿ. ಅದನ್ನು ಚಾಲ್ತಿಗೊಳಿಸಲು ಬಳಸುವ ಕ್ರ್ಯಾಕ್ ತಂತ್ರಾಂಶವು ಆ್ಯಂಟಿವೈರಸ್ಸನ್ನು ಮೊದಲು ನಿಲ್ಲಿಸಲು ಹೇಳುತ್ತದೆ ಎಂಬುದೊಂದೇ ಸಾಕು, ಅದರ ಜೊತೆ ಮತ್ತೇನು ಒಳಗೆ ಬರಬಹುದೆಂದು ಊಹಿಸಲು. ಅದೇ ಯಂತ್ರದಲ್ಲಿ ಮನೆಯವರು ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತಾರೆ. ಉಬುಂಟು ಹಾಕಿಯೇ ಮಾರುವ ಲ್ಯಾಪ್‌ಟಾಪುಗಳೂ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಕೊಂಡ ದಿನವೇ ಅಂಗಡಿಯಲ್ಲಿ ಅದನ್ನು ಅಳಿಸಿ ಕ್ರ್ಯಾಕ್ ಪ್ರತಿ ತುಂಬಿಸಿಕೊಂಡು ಬಂದವರನ್ನು ನಾನು ಬಲ್ಲೆ. ಕಲಬುರಗಿಯಲ್ಲಿ ಮೆಕ್ಯಾನಿಕ್ ಸಿಗದ ಬೈಕನ್ನು ಅದೆಷ್ಟೇ ಮೈಲೇಜ್ ಕೊಟ್ಟರೂ ಯಾರೂ ಕೊಳ್ಳುವುದಿಲ್ಲ, ಲಿನಕ್ಸ್‌ನ ಸ್ಥಿತಿಯೂ ಇಲ್ಲಿ ಅದೇ ಆಗಿದೆ.

ಆ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಅವರು ಕಲಿತ ತರಬೇತಿ ಕೇಂದ್ರಗಳಲ್ಲಿ ಹೇಳಿಕೊಡುವುದು ವಿಂಡೋಸ್, ವರ್ಡ್, ಎಕ್ಸೆಲ್, ಟ್ಯಾಲಿ ಇಷ್ಟೇ. ನೆರೆಯ ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸುತ್ತದೆ, ಶಿಕ್ಷಕರಿಗೆ ಅದರಲ್ಲೇ ತರಬೇತಿ ನೀಡುತ್ತದೆ, 2018ರಿಂದ ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳನ್ನೂ ನಡೆಸುತ್ತಿದೆ. ಅಲ್ಲಿನ ಮಕ್ಕಳಿಗೆ ಲಿನಕ್ಸ್ ವಿಚಿತ್ರವಾಗಿ ಕಾಣುವುದಿಲ್ಲ. ಕಾರಣ ಅವರು ಅದನ್ನು ಶಾಲೆಯಲ್ಲೇ ಮುಟ್ಟಿರುತ್ತಾರೆ. ಇದಕ್ಕೆ ವಿರುದ್ಧವಾದ ಪಾಠವೂ ಇದೆ: ಜರ್ಮನಿಯ ಮ್ಯೂನಿಕ್ ನಗರಾಡಳಿತವು ವರ್ಷಗಟ್ಟಲೆ ದುಡಿದು ತನ್ನ ಸಾವಿರಾರು ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಆ ನಿರ್ಧಾರದ ಹಿಂದೆ ರಾಜಕೀಯವೂ ಇತ್ತು ಎಂಬ ವಾದವಿದೆ. ಏನೇ ಇರಲಿ, ಬಳಸುವವರ ದೂರುಗಳನ್ನು ಆಲಿಸುವ ವ್ಯವಸ್ಥೆ ಗಟ್ಟಿಯಾಗಿರದಿದ್ದರೆ ತಂತ್ರಾಂಶ ಎಷ್ಟು ಒಳ್ಳೆಯದಿದ್ದರೂ ಉಳಿಯದು.

ಸ್ವತಃ ಪ್ರಯತ್ನಿಸುವವರಿಗೆ ಒಂದೆರಡು ಎಚ್ಚರಿಕೆಯ ಮಾತುಗಳನ್ನು ಹೇಳಬೇಕು. ಮಿಂಟ್‌ನ ಕಡತ ಸುಮಾರು 3 ಜಿಬಿ ಇರುವುದರಿಂದ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಳ್ಳುವವರು ಅಂದಿನ ಡೇಟಾ ನೋಡಿಕೊಳ್ಳಲಿ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಆರಂಭಿಸಿ, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ವೈಫೈ, ಸ್ಪೀಕರ್, ಕ್ಯಾಮೆರಾ, ಪ್ರಿಂಟರ್ ನಡೆಯುತ್ತವೆಯೇ ಎಂದು ನೋಡಬಹುದು. ಈ ಸೌಲಭ್ಯ ಇರುವಾಗ ಯಾರ ಮಾತನ್ನೂ, ನನ್ನ ಮಾತನ್ನೂ, ಕುರುಡಾಗಿ ನಂಬಬೇಕಿಲ್ಲ. ಫೋಟೋ, ಅಂಕಪಟ್ಟಿ, ಆಸ್ತಿಯ ಕಾಗದಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡದೆ ಇನ್‌ಸ್ಟಾಲ್ ಗುಂಡಿಯನ್ನು ಒತ್ತಲೇಬಾರದು. ವಿಂಡೋಸ್‌ನ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮ ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಅದರಲ್ಲೂ ಯುಪಿಎಸ್ ಇಲ್ಲದ ಮನೆಗಳಲ್ಲಿ ಪರಿಷ್ಕರಣೆ ನಡುವೆಯೇ ನಿಂತರೆ ವ್ಯವಸ್ಥೆ ಕೆಡಬಹುದು. ಮಿಂಟ್‌ನೊಂದಿಗೇ ಬರುವ ಟೈಂಶಿಫ್ಟ್ ಎಂಬ ಸಾಧನವನ್ನು ಮೊದಲ ದಿನವೇ ಹೊಂದಿಸಿಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯ. ಲಿನಕ್ಸ್ ಇದ್ದರೆ ವೈರಸ್ ಕಾಟ ಕಡಿಮೆ ಎಂಬುದು ನಿಜವಾದರೂ ಒಟಿಪಿ ಕೇಳಿ ಫೋನು ಮಾಡುವ ವಂಚಕರಿಂದ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಕಾಪಾಡದು.

ಭಾರತ ಸರ್ಕಾರವು ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು 2015ರಲ್ಲೇ ಹೊರಡಿಸಿದೆ, ಅದರದ್ದೇ ಸಂಸ್ಥೆಯಾದ ಸಿ-ಡ್ಯಾಕ್ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೂಡ ಇದೆ. ನೀತಿ ದೆಹಲಿಯಲ್ಲಿದ್ದರೆ ಸೇಡಂ, ಚಿಂಚೋಳಿಯ ಮನೆಗಳಿಗೆ ಏನೂ ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಿವೆ. ಬೀದರ್ ಮತ್ತು ಯಾದಗಿರಿಯಲ್ಲೂ ಇಂಥ ಕಾಲೇಜುಗಳಿಗೆ ಕೊರತೆಯಿಲ್ಲ. ಪ್ರತಿ ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನ ಹಲವೆಡೆ ತಂತ್ರಾಂಶ ಸ್ವಾತಂತ್ರ್ಯ ದಿನವನ್ನು ಆಚರಿಸುತ್ತಾರೆ. ಆ ದಿನ ಭಾಷಣ, ಹಾರ, ತುರಾಯಿಗಳನ್ನು ಬದಿಗಿಟ್ಟು, ಸಾರ್ವಜನಿಕರು ತಮ್ಮ ಹಳೆಯ ಕಂಪ್ಯೂಟರುಗಳನ್ನು ಹೊತ್ತು ತರಲಿ, ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಎದುರಿಗೇ ಕೂತು ಲಿನಕ್ಸ್ ಹಾಕಿ, ಕನ್ನಡ ಕೀಲಿಮಣೆ ಹೊಂದಿಸಿ, ಪ್ರಿಂಟರ್ ಜೋಡಿಸಿ ಕೊಡಲಿ. ಊರಿನ ರಿಪೇರಿ ಅಂಗಡಿಯವರನ್ನೂ ಕರೆಸಿ, ಹಾಕಿಕೊಡುವ ಕೆಲಸಕ್ಕೆ ಅವರು ಎಂದಿನಂತೆ ಕೂಲಿ ಪಡೆಯಬಹುದೆಂದು ತಿಳಿಸಿಹೇಳಬೇಕು, ಏಕೆಂದರೆ ತಂತ್ರಾಂಶ ಉಚಿತವಾದರೆ ತಮ್ಮ ಸಂಪಾದನೆ ಹೋಯಿತೆಂಬ ಭಯ ಅವರಲ್ಲಿದೆ. ಆದರೆ ಮರುವಾರ ಧ್ವನಿ ಬರುತ್ತಿಲ್ಲ, ಪ್ರಿಂಟ್ ಆಗುತ್ತಿಲ್ಲ ಎಂದು ಜನ ಕೇಳಿಕೊಂಡು ಬಂದಾಗ ಉತ್ತರಿಸುವ ವಿಭಾಗ ಯಾವುದು, ಯಾವ ಹೊತ್ತಿನಲ್ಲಿ ಬರಬೇಕು ಎಂಬುದನ್ನು ಮೊದಲೇ ಬರೆದು ಹಚ್ಚಲು ಸಾಧ್ಯವಾಗದ ಕಾಲೇಜು ಇಂಥ ಶಿಬಿರಕ್ಕೆ ಕೈಹಾಕದಿರುವುದೇ ಲೇಸು.

ಇತಿ,
ನಿವೃತ್ತ ಪದವಿಪೂರ್ವ ಕಾಲೇಜು ಉಪನ್ಯಾಸಕ,
ಕಲಬುರಗಿ