ಬಚ್ಚಲಿನ ಕಿಟಕಿಯ ಕರಿಹುಳುವಿನ ಪರವಾಗಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯ ಹುಳುಹುಪ್ಪಟೆಗಳನ್ನು ನಿರ್ನಾಮ ಮಾಡುವ ಉಪಾಯಗಳ ಬಗ್ಗೆ ಲೇಖನ ಬಂದಿತ್ತು. ಲೇಖನದ ಮಾತು ಹಾಗಿರಲಿ, ನನ್ನ ತಕರಾರು ಅದರ ಜೊತೆಗಿದ್ದ ಚಿತ್ರದ ಮೇಲೆ. ಜಿರಳೆ, ಸೊಳ್ಳೆ, ತಿಗಣೆಗಳ ಸಾಲಿನ ಕೊನೆಯಲ್ಲಿ, ಮೈಮೇಲೆ ಕೆಂಪು ಗೀಟು ಹಾಕಿಸಿಕೊಂಡು ಕೂತಿದ್ದ ಪುಟ್ಟ ಕರಿಹುಳು ನಮ್ಮ ಮನೆಯ ಬಚ್ಚಲಿನ ಕಿಟಕಿಯಲ್ಲಿ ನಾನು ಹೆಚ್ಚುಕಡಿಮೆ ದಿನವೂ ನೋಡುವ ಪ್ರಾಣಿ. ಪಕ್ಕದಲ್ಲಿ ಜೇಡವೂ ಇತ್ತು. ಎಂಟು ಕಾಲಿನ ಜೇಡ ಕೀಟವೇ ಅಲ್ಲ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ, ಬಿಡಿ.

ನಾನು ವಿಜ್ಞಾನ ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಸೇರಿದೆ. ಇಪ್ಪತ್ತಮೂರು ವರ್ಷ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರ ಜೋಡಿಸಿದೆ. ಸ್ವಯಂ ನಿವೃತ್ತಿ ಪಡೆದ ದಿನ ಆ ಮಸೂರ ಹೇಗೋ ನನ್ನ ಊಟದ ಡಬ್ಬಿಯೊಳಗೆ ಸೇರಿ ಮತ್ತಿಕೆರೆಗೆ ಬಂತು. ಗಡಿಯಾರದ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು, ಇನ್ನು ಅದನ್ನು ವಾಪಸು ಕೇಳುವವರು ಯಾರೂ ಇಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ನೋಡಿ ಪಳಗಿದ ಕಣ್ಣಿಗೆ ಈಗ ಕೆಲಸ ಕೊಡುತ್ತಿರುವವು ಹುಳುಗಳು.

ಆ ಕರಿಹುಳು ಒಂದು ಜಾತಿಯ ಕಣಜ. ನೊಣಕ್ಕಿಂತ ತುಸು ದೊಡ್ಡದು, ಮಸೂರದಲ್ಲಿ ನೋಡಿದರೆ ಕಣ್ಣು ನೀಲಿ. ಹೊಟ್ಟೆ ಎನ್ನುವುದು ಮೈಗೆ ಅಂಟಿಕೊಂಡಿಲ್ಲ, ಸಣ್ಣ ಕಡ್ಡಿಗೆ ಕಟ್ಟಿದ ಬಾವುಟದ ಹಾಗೆ ಹಿಂದೆ ನಿಂತಿದೆ. ನಡೆಯುವಾಗ ಅದು ಸುಮ್ಮನಿರುವುದಿಲ್ಲ, ಮೇಲೆ ಕೆಳಗೆ, ಮೇಲೆ ಕೆಳಗೆ. ಕೀಲಿ ಕೊಟ್ಟ ಗಡಿಯಾರದ ಬೆನ್ನು ಬಿಚ್ಚಿದಾಗ ಕಾಣುವ ಬ್ಯಾಲೆನ್ಸ್ ಚಕ್ರದ ಮಿಡಿತವೇ ನನಗೆ ನೆನಪಾಗುವುದು. ಕನ್ನಡದಲ್ಲಿ ಇದನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ನಾನು ಬಾವುಟದವಳು ಎನ್ನುತ್ತೇನೆ. ಮೊಮ್ಮಗಳು ಮೊಬೈಲ್‌ನಲ್ಲಿ ಚಿತ್ರ ತೆಗೆದು ಹುಡುಕಿ, ಇದರ ಶಾಸ್ತ್ರೀಯ ಹೆಸರು ಇವೇನಿಯಾ ಅಪೆಂಡಿಗ್ಯಾಸ್ಟರ್ ಎಂದು ಹೇಳಿದಳು. ಮನುಷ್ಯರನ್ನು ಕುಟುಕುವುದಿಲ್ಲ.

ಇದರ ಕಸುಬು ನನಗೆ ತಿಳಿದದ್ದು ಮಾತ್ರ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಯಿಂದ. ಅಟ್ಟ ಗುಡಿಸುವಾಗ ಹಳೆಯ ಟ್ರಂಕಿನ ಹಿಂದೆ ಜಿರಳೆಯ ಮೊಟ್ಟೆಗೂಡು ಸಿಕ್ಕಿತ್ತು. ನೀವೂ ನೋಡಿರುತ್ತೀರಿ: ಹುರುಳಿಕಾಳಿಗಿಂತ ತುಸು ಉದ್ದ, ಕಡುಕಂದು ಬಣ್ಣ, ಜಿಪ್ ಹಾಕಿದ ಪುಟ್ಟ ಪರ್ಸಿನಂತೆ ಒಂದು ಅಂಚಿನಲ್ಲಿ ಹಲ್ಲುಹಲ್ಲು. ದೊಡ್ಡ ಕೆಂಪು ಜಿರಳೆಯ ಅಂಥ ಒಂದು ಗೂಡಿನಲ್ಲಿ 14ರಿಂದ 16 ಮೊಟ್ಟೆಗಳಿರುತ್ತವೆ. ಮರಿಗಳು ಹೇಗೆ ಬರುತ್ತವೆಯೋ ನೋಡಿಯೇಬಿಡೋಣ ಎಂದು ಬಾಟಲಿಗೆ ಹಾಕಿ, ಬಾಯಿಗೆ ಹಳೆಯ ಪಂಚೆಯ ಚೂರು ಕಟ್ಟಿಟ್ಟೆ. ಸೊಸೆ ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಗೂಡಿನ ಒಂದು ತುದಿಯಲ್ಲಿ ದುಂಡನೆಯ ತೂತು, ಬಾಟಲಿಯೊಳಗೆ ಒಂದೇ ಒಂದು ಬಾವುಟದವಳು. ತಾಯಿ ಕಣಜ ಜಿರಳೆಯ ಗೂಡನ್ನು ಹುಡುಕಿ ಅದರೊಳಗೆ ತನ್ನದೊಂದು ಮೊಟ್ಟೆ ತೂರಿಸುತ್ತದೆ. ಅದರ ಮರಿ ಒಳಗಿದ್ದ ಅಷ್ಟೂ ಮೊಟ್ಟೆಗಳನ್ನು ತಿಂದು ಬೆಳೆದು ಹೊರಬರುತ್ತದೆ. ಹದಿನಾರು ಜಿರಳೆಗಳ ಬದಲು ಒಂದು ಕಣಜ! ಬಚ್ಚಲಿನ ಕಿಟಕಿಯಲ್ಲಿ ಅದು ಕಂಡರೆ ಮನೆಯ ಯಾವುದೋ ಮೂಲೆಯಲ್ಲಿ ಜಿರಳೆ ಇದೆ ಎಂದೇ ಅರ್ಥ. ನಾವೋ, ಸಿಕ್ಕಿದ ಪೊಲೀಸನನ್ನೇ ಕಳ್ಳನೆಂದು ಹೊಡೆಯುತ್ತೇವೆ.

ಯುಗಾದಿಗೆ ಒಂದು ವಾರ ಮುಂಚೆ ನಮ್ಮ ವಸತಿ ಸಂಕೀರ್ಣದ ಸಂಘ ಒಂದು ಕಂಪನಿಯವರನ್ನು ಕರೆಸಿ ಮೂವತ್ತೆರಡು ಮನೆಗಳಿಗೂ ಔಷಧ ಹೊಡೆಸಿತು. ಹೆಸರಿಗೆ ಔಷಧ. ಹೊಡೆದದ್ದು ಪೈರೆಥ್ರಾಯ್ಡ್ ಎಂದು ಡಬ್ಬದ ಚೀಟಿಯಲ್ಲಿತ್ತು. ಸೇವಂತಿಗೆಯ ಸಂಬಂಧಿಯಾದ ಒಂದು ಹೂವಿನ ವಿಷವನ್ನು ನೋಡಿ ಕಾರ್ಖಾನೆಯಲ್ಲಿ ತಯಾರಿಸಿದ ಬಗೆ ಇದು. ಮೀನಿಗಂತೂ ಭಾರಿ ವಿಷ. ಮರುದಿನ ಬೆಳಿಗ್ಗೆ ಕೆಳಮನೆಯವರ ಕಲ್ಲಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನ್ನು ಬಿಟ್ಟಿದ್ದದ್ದು ಸೊಳ್ಳೆಮರಿ ತಿನ್ನಲೆಂದು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆಯ ಹಿಂದೆ ಒಂದು ಹಲ್ಲಿ, ಮೀಟರ್ ಪೆಟ್ಟಿಗೆಯ ಬಳಿ ಆ ದೊಡ್ಡ ಜೇಡ ಸತ್ತುಬಿದ್ದವು. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹಿಡಿದುಕೊಂಡು ಗೋಡೆಗೆ ಅಂಟಿ ಕೂರುತ್ತದಲ್ಲ, ಬಲೆ ಕಟ್ಟದೆ ರಾತ್ರಿ ಜಿರಳೆ ಬೇಟೆಯಾಡುತ್ತದಲ್ಲ, ಅದೇ. ಕಿಟಕಿಯಲ್ಲಿ ಬಾವುಟದವಳು ಕಾಣಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ ಅಕ್ಕಿಕಾಳಿನಷ್ಟಿರುವ ಮರಿಜಿರಳೆಗಳು ಸಿಂಕಿನ ಕೆಳಗೆ ಜಾತ್ರೆಗೆ ಬಂದಂತೆ ಬಂದವು. ಆ ಪರ್ಸಿನ ಗಟ್ಟಿ ಚಿಪ್ಪಿನೊಳಗೆ ಔಷಧ ಇಳಿಯುವುದಿಲ್ಲ. ತಡೆಯುವವರನ್ನು ನಾವೇ ಗುಡಿಸಿ ಕಸದ ಗಾಡಿಗೆ ಹಾಕಿಯಾಗಿತ್ತು.

ಸಂಘದ ಕಾರ್ಯದರ್ಶಿಗಳಿಗೆ ಇದನ್ನೆಲ್ಲ ಹೇಳಿದೆ. ಒಳ್ಳೆಯ ಹುಡುಗ, ಕೂತು ಕೇಳಿದರು. ಕೊನೆಗೆ, “ಆಂಟಿ, ಅಷ್ಟಕ್ಕೂ ಈ ಹುಳುಗಳಿಂದ ಏನು ಉಪಯೋಗ ಹೇಳಿ?” ಎಂದರು.

ಈ ಪ್ರಶ್ನೆ ನಮ್ಮ ಊರಿಗೆ ಹೊಸದೇನಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಪ್ರಾಯದ ಸೇನಾ ವೈದ್ಯ ಬೆಂಗಳೂರಿನಲ್ಲಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಏಕಿಷ್ಟು ಎಂದು ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿ ಉರುಳಿಸಿದ, ಸೊಳ್ಳೆ ಕಡಿಮೆಯಾದವು. ಊಟದ ಮನೆಯ ಬಳಿಯ ತೊಟ್ಟಿಗಳನ್ನೂ ಹಾಗೆಯೇ ಮಾಡೋಣ ಎಂದಾಗ ಅಲ್ಲಿನ ಸೇನಾಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕೆಂದೇ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂದನಂತೆ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡವನು, 1902ರಲ್ಲಿ ನೊಬೆಲ್ ಪಡೆದವನು ಇವನೇ.

ನಾನು ಆ ಅಧಿಕಾರಿಯ ಪಕ್ಷದವಳಲ್ಲ. ಮೊಮ್ಮಗನಿಗೆ ಡೆಂಗಿ ಬಂದು ಐದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು. ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲು ಕಚ್ಚುವ ಆ ಸೊಳ್ಳೆಯನ್ನು ಕಂಡರೆ ಎರಡು ಕೈಯಲ್ಲೂ ಹೊಡೆಯುತ್ತೇನೆ. ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜುತ್ತೇನೆ. ಅದರ ಮೊಟ್ಟೆ ನೀರಂಚಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಬರೀ ಚೆಲ್ಲಿದರೆ ಸಾಲದು. ಸಂಜೆ ಬೀದಿಯಲ್ಲಿ ಹೊಗೆ ಬಿಟ್ಟುಕೊಂಡು ಹೋಗುವ ಯಂತ್ರ ಆ ಹೊತ್ತಿಗೆ ಹಾರುತ್ತಿರುವವನ್ನಷ್ಟೇ ಕೊಲ್ಲುತ್ತದೆ. ಜಿರಳೆಯನ್ನೂ ಸಾಕುವವಳಲ್ಲ. ಗೋಧಿಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿದ ಉಂಡೆಯನ್ನು ಮಕ್ಕಳ ಕೈಗೆ ಸಿಗದ ಸಂದಿಯಲ್ಲಿಡುತ್ತೇನೆ. ಜಿರಳೆ ತಿಂದು ಸಾಯುತ್ತದೆ, ಕಿಟಕಿಯ ಕಣಜದ ತಂಟೆಗೆ ಅದು ಹೋಗುವುದಿಲ್ಲ.

ಜಿರಳೆ ಕುಲವೂ ಪೂರಾ ಕೆಟ್ಟದ್ದಲ್ಲ. ಸುಮಾರು 4,600 ಜಾತಿಗಳಲ್ಲಿ ಮನುಷ್ಯನ ಮನೆ ಹೊಕ್ಕಿರುವವು ಮೂವತ್ತರಷ್ಟು. ಉಳಿದವು ಹೆಚ್ಚಾಗಿ ಕಾಡಿನಲ್ಲಿ ತರಗೆಲೆ ತಿಂದು ಮಣ್ಣು ಮಾಡಿಕೊಂಡು ಇವೆ. ಅಡುಗೆಮನೆಯ ಸಣ್ಣ ಜಿರಳೆಗೆ ಜರ್ಮನ್ ಜಿರಳೆ ಎಂದು ಹೆಸರು. ಅದು ಹುಟ್ಟಿದ್ದು ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರಿನಲ್ಲಿ ಎಂದು 2024ರಲ್ಲಿ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳು ಹೇಳಿದ್ದಾರೆ. ನಮ್ಮ ಕಡೆಯ ಸಂತಾನಕ್ಕೆ ಪರದೇಶದ ಹೆಸರು.

ಇನ್ನೊಂದು ಸಂಗತಿ. ನಮ್ಮ ಬಾಲ್ಕನಿಯ ಸಜ್ಜದ ಕೆಳಗೆ ಕಾಗದದಂಥ ಗೂಡು ಕಟ್ಟಿಕೊಂಡಿರುವ ಕಂದು ಕಣಜಗಳಿವೆ. ಇವು ಕುಟುಕುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ಕರಿಬೇವಿನ ಗಿಡದ ಹಸಿರು ಹುಳುಗಳನ್ನು ಉಂಡೆ ಕಟ್ಟಿ ಹೊತ್ತೊಯ್ಯುವುದೂ ಇವೇ. ಕಾವಲುಗಾರ ಪಂಜು ಹಿಡಿದು ಸುಡಲು ಬಂದಿದ್ದ, ತಡೆದೆ. ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರ್ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಕೂತು ನೋಡಿದ್ದು ಇಂಥ ಕಣಜಗಳನ್ನೇ. ಆ ಗೂಡಿನಲ್ಲಿ ರಾಣಿ ತೀರ ಸೌಮ್ಯವಂತೆ, ಅವಳನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯೊಬ್ಬಳು ಜೋರಾಗಿ ಮುಂದಿನ ರಾಣಿಯಾಗಲು ಹೊರಡುತ್ತಾಳಂತೆ. ನಮ್ಮ ಜೋಡಣೆ ವಿಭಾಗದಲ್ಲೂ ಮೇಲ್ವಿಚಾರಕಿ ರಜೆ ಹಾಕಿದ ದಿನ ಹೀಗೆಯೇ ಆಗುತ್ತಿತ್ತು.

ಗೌರಿಹಬ್ಬದ ಹೊತ್ತಿಗೆ ಬಾವುಟದವಳು ಕಿಟಕಿಗೆ ಮರಳಿದಳು. ಬರುವ ತಿಂಗಳ ಮೊದಲ ಭಾನುವಾರ ಸಂಘದ ಸಭೆಯಿದೆ. ಔಷಧ ಹೊಡೆಯುವವರಿಗೆ ವರ್ಷದ ಗುತ್ತಿಗೆ ಕೊಡುವ ವಿಷಯ ಅದರಲ್ಲಿ ಎರಡನೆಯದು. ಅದಕ್ಕೆ ಮೊದಲು ಚಿತ್ರದ ಬಗ್ಗೆ ಒಂದು ತಿದ್ದುಪಡಿ ಪ್ರಕಟಿಸಿ. ಕೊನೆಯಲ್ಲಿರುವ ಕರಿಹುಳುವಿಗೆ ಹಾಕಿದ ಕೆಂಪು ಗೀಟು ತಪ್ಪಾಗಿ ಬಿದ್ದಿದೆ ಎಂದರೆ ಸಾಕು. ಕತ್ತರಿಸಿ ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸುತ್ತೇನೆ. ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ, ಕಾರ್ಯದರ್ಶಿಗಳ ಮನೆಗೆ ಬರುವುದೂ ನಿಮ್ಮ ಪತ್ರಿಕೆಯೇ. ಅಂಟಿಸುವವಳು ನಾನಾದ ಮೇಲೆ ಗೊತ್ತಾಗದೆ ಇರುವುದಿಲ್ಲ, ಆದರೂ ಹಾಕಬೇಡಿ.

— ಗಡಿಯಾರ ಕಾರ್ಖಾನೆಯ ನಿವೃತ್ತ ನೌಕರಳು, ಮತ್ತಿಕೆರೆ, ಬೆಂಗಳೂರು